ಪುಡಿ ಆರಕ್ಕೆ, ಗುಳಿಗೆ ಹತ್ತಕ್ಕೆ

ಡಿಸೆಂಬರ್ 9, ಸೋಮವಾರ

'ಹಳದಿಯೆಂದರೆ ದಣಿದ ಬೆಳಕು.' ಸಾಲು ಹೀಗೇ ಇತ್ತೋ, ಹಿಂದುಮುಂದಾಗಿತ್ತೋ, ಈಗ ಖಚಿತವಿಲ್ಲ. ಎಂ.ಎ. ಓದುವಾಗ ವಿಭಾಗದ ಗೋಡೆಪತ್ರಿಕೆಗೆ ಜೊತೆಯ ಹುಡುಗಿಯೊಬ್ಬಳು ಬರೆದಿದ್ದ ಕವಿತೆ. ಇಪ್ಪತ್ತೈದು ವರ್ಷ ಅದನ್ನು ನಂಬಿಕೊಂಡು ಬಂದೆ. ಇವತ್ತು ಹುಬ್ಬಳ್ಳಿಯಲ್ಲಿ ಡಾ. ವಿಜಯೀಂದ್ರ ನನ್ನ ಕೆಳರೆಪ್ಪೆ ಎಳೆದು, ಟಾರ್ಚ್ ಬಿಟ್ಟು ನೋಡಿ, "ಹಳದಿ ಏನೂ ಇಲ್ಲ" ಎಂದರು. ಹಳದಿ ಇಲ್ಲ, ದಣಿವು ಮಾತ್ರ ಬೇಕಾದಷ್ಟಿದೆ. ಹಾಗಾದರೆ ಆ ಸಾಲು ತಪ್ಪಲ್ಲವೇ? ಇದನ್ನು ಯೋಚಿಸುತ್ತ ಪರೀಕ್ಷೆಯ ಮಂಚದ ಮೇಲೆ ಕುಳಿತು ನಕ್ಕುಬಿಟ್ಟೆ. ಡಾಕ್ಟರು ನನ್ನ ಗಂಡ ಅಮರೇಶರ ಮುಖ ನೋಡಿದರು. ನಾನು ಬೇರೆ ಯಾರದೋ ಹೆಂಡತಿ ಎಂಬಂತೆ ಇವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಅಂತೂ ಎಂಟು ತಿಂಗಳ ಕೆರೆತಕ್ಕೆ ಕಾರಣ ಸಿಕ್ಕಿತು. ಲಿವರಿನೊಳಗೆ ಪಿತ್ತ ಹರಿಯುವ ಸಣ್ಣ ಸಣ್ಣ ನಾಳಗಳಿವೆಯಂತೆ. ನನ್ನ ಮೈ ಅವನ್ನು ಯಾರೋ ಹೊರಗಿನವರೆಂದು ತಿಳಿದು ದಿನವೂ ಸವೆಸುತ್ತಿದೆಯಂತೆ. ಪಿತ್ತ ಮುಂದೆ ಸಾಗದೆ ಅಲ್ಲೇ ನಿಂತು ಲಿವರನ್ನು ಕೆಡಿಸುತ್ತದೆ. ನಲವತ್ತು ದಾಟಿದ ಹೆಣ್ಣುಮಕ್ಕಳಲ್ಲೇ ಇದು ಹೆಚ್ಚು.

"ಕೇಳಬೇಕು ಅಂತ ಕೇಳ್ಲಿಕ್ಕತ್ತೇನಿ. ಕುಡಿಯೂದು ಏನರೆ?" ಎಂದರು ಡಾಕ್ಟರು.

"ದಿನಕ್ಕ ಆರು ಸಲ ಕುಡೀತಾಳ್ರಿ," ಎಂದರು ಅಮರೇಶ. "ಚಹಾ."

ಮತ್ತೆ ನಗು. ಭಯವಾದಾಗ ನನಗೆ ನಗು ಬರುತ್ತದೆ ಎಂದು ಮದುವೆಯ ದಿನವೇ ಇವರಿಗೆ ಗೊತ್ತಾಗಿದೆ.

ರಕ್ತದಲ್ಲಿ ಒಂದು ಅಂಕಿ ಇದೆ. ಅದು ನೂರಿಪ್ಪತ್ತರೊಳಗೆ ಇರಬೇಕು. ನನ್ನದು ಆರುನೂರಾ ಹನ್ನೆರಡು. ಔಷಧವೂ ಒಂದು ಬಗೆಯ ಪಿತ್ತವೇ. ಕೆಟ್ಟ ಪಿತ್ತದ ನಡುವೆ ಸಾಧು ಪಿತ್ತವನ್ನು ಬಿಟ್ಟು ದಾರಿ ತೊಳೆಸುವುದು. ಇದನ್ನು ಮೊದಲು ಕಂಡದ್ದು ಕರಡಿಯ ಮೈಯಲ್ಲಂತೆ, ಗುಳಿಗೆಯ ಲ್ಯಾಟಿನ್ ಹೆಸರಲ್ಲೂ ಕರಡಿ ಉಳಿದಿದೆ.

"ಆರು ತಿಂಗಳದಾಗ ನಂಬರ್ ಇನ್ನೂರರ ಕೆಳಗ ಬಂದ್ರ ಗುಳಿಗಿ ನಿಮಗ ಹತ್ತೇದ ಅಂತ. ಹತ್ತಿದವರು ಗುಳಿಗಿ ನುಂಗಕೋತ ಎಂಬತ್ತು ವರ್ಷ ಇರ್ತಾರ. ಹತ್ತಲಿಲ್ಲಂದ್ರ ಸೂಜಿ ಹಾಕಿ ಲಿವರ್ ತುಣುಕು ತಗದು ನೋಡಬೇಕು. ಮುಂದಿಂದು ಮುಂದ."

ಮುಂದಿನದು ಏನೆಂದು ಕೇಳಲಿಲ್ಲ. ಚೀಟಿಯಲ್ಲಿ ಹೀಗಿದೆ: ಕೆರೆತಕ್ಕೆ ಪುಡಿ, ಬೆಳಿಗ್ಗೆ ಎದ್ದ ಕೂಡಲೇ ಆರಕ್ಕೆ, ನೀರಿನಲ್ಲಿ ಕಲಸಿ. ಗುಳಿಗೆ ಮೂರು, ಹತ್ತರ ಮೇಲೆ, ಊಟದೊಂದಿಗೆ, ಒಟ್ಟಿಗೇ ನುಂಗಬಹುದು.

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ ಇವರಿಗೆ ಒಂದೇ ಮಾತು ಹೇಳಿದೆ. ಅತ್ತೆಗೆ ತಿಳಿಯಬಾರದು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಲಿವರ್ ಎಂದರೆ ಸೆರೆ ಕುಡಿಯುವುದು ಎಂದೇ ಅರ್ಥ. ಲಿಂಗಪೂಜೆಯ ಮನೆಯ ಸೊಸೆಗೆ ಲಿವರ್.

ಡಿಸೆಂಬರ್ 10, ಮಂಗಳವಾರ

ಮೊದಲ ದಿನವೇ ಒಂದು ತೊಡಕು. ನಮ್ಮ ಮನೆಯಲ್ಲಿ ಪೂಜೆಯಾಗದೆ ಯಾರ ಬಾಯಿಗೂ ಹನಿ ನೀರು ಬೀಳುವುದಿಲ್ಲ. ಹೂವಿನವಳು ಎಂಟಕ್ಕೆ ಬರುತ್ತಾಳೆ. ಅತ್ತೆ ಬಾಳವ್ವ ಮೊದಲು ಕೂರುತ್ತಾರೆ, ಪಕ್ಕದಲ್ಲಿ ನಾನು. ನನ್ನದು ಬೇಗ ಮುಗಿಯುತ್ತದೆ, ಅವರದು ಒಂಬತ್ತೂವರೆಯವರೆಗೆ. ಅಂಗೈಯ ಲಿಂಗದ ಮೇಲೆ ಕಣ್ಣಿಟ್ಟರೆ ಅವರಿಗೆ ಮನೆಯ ಪರಿವೆಯೇ ಇರುವುದಿಲ್ಲ. ಅಡುಗೆಮನೆ ನನ್ನೊಬ್ಬಳದೇ ಆಗುವ ಹೊತ್ತು ಅದೊಂದೇ.

ಆದ್ದರಿಂದ ಹೀಗೆ ಗೊತ್ತು ಮಾಡಿದೆ: ಒಂಬತ್ತೂಕಾಲಕ್ಕೆ ಮೊದಲು ಪುಡಿ, ಅದರ ಬೆನ್ನಿಗೇ ರೊಟ್ಟಿ, ರೊಟ್ಟಿಯ ನಡುವೆ ಮೂರು ಗುಳಿಗೆ. ಚೀಟಿಯ ಕ್ರಮ ತಪ್ಪಲಿಲ್ಲ, ಅಂತರ ಮಾತ್ರ ಕಡಿಮೆಯಾಯಿತು. ಪುಸ್ತಕಗಳ ಪ್ರೂಫ್ ತಿದ್ದುವುದು ನನ್ನ ಕೆಲಸ, ಅಲ್ಲಿ ಇಂಥದ್ದಕ್ಕೆಲ್ಲ ನಾನು ಗುರುತು ಹಾಕುವುದಿಲ್ಲ.

ಪುಡಿಯ ರುಚಿ: ಕಿತ್ತಳೆಯ ಚಿತ್ರವನ್ನು ಅರೆದು ಕುಡಿದಂತೆ.

ಡಿಸೆಂಬರ್ 22, ಭಾನುವಾರ

ಕೋಚಿಂಗ್ ಸೆಂಟರಿನವರ ಸಾಮಾನ್ಯ ಜ್ಞಾನದ ಪುಸ್ತಕ ಬಂದಿದೆ. ಎರಡು ಸಾವಿರ ಪ್ರಶ್ನೆ, ಎಂಟು ಸಾವಿರ ಉತ್ತರ. ಅದರಲ್ಲಿ ಆರು ಸಾವಿರ ತಪ್ಪು ಉತ್ತರಗಳನ್ನೂ ಕಾಗುಣಿತ ತಪ್ಪದಂತೆ ನೋಡಬೇಕು. ತಪ್ಪು ಸಹ ಸರಿಯಾಗಿರಬೇಕು. ಇದಕ್ಕಿಂತ ತಮಾಷೆಯ ಕೆಲಸ ಧಾರವಾಡದಲ್ಲಿಲ್ಲ.

ಎಡಗೈಯಲ್ಲಿ ಅಂಗಾಲು ಕೆರೆದುಕೊಳ್ಳುತ್ತ, ಬಲಗೈಯಲ್ಲಿ ತಿದ್ದುತ್ತ, ಅರವತ್ತು ಪುಟ. ಬೆನ್ನಿಗೆ ಬಾಗಿಲ ಚೌಕಟ್ಟು. ಎಡಗಡೆಯ ಕಂಬದಲ್ಲಿ ಒಂದು ಗಂಟಿದೆ, ಅದು ಸರಿಯಾಗಿ ಭುಜದ ಎಲುಬಿನ ಕೆಳಗೆ ಬರುತ್ತದೆ. ಆ ಬಡಿಗನಿಗೆ ಪುಣ್ಯ ಬರಲಿ.

ಅತ್ತೆ ನನ್ನ ಟವಲನ್ನು ಬೇರೆ ಗೂಟಕ್ಕೆ ಹಾಕಿದ್ದಾರೆ. ಎರಡು ಸಲ ತಂದು ಹಳೆಯ ಜಾಗದಲ್ಲಿ ಹಾಕಿದೆ, ಎರಡು ಸಲವೂ ಅದು ತಿರುಗಿ ಹೋಯಿತು. ಯಾಕೆಂದು ನಾನು ಕೇಳಲಿಲ್ಲ. ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ ಬಡಿಯುವಷ್ಟರಲ್ಲಿ ತೋಳು ಸೋತವು. ಕುಸುರೆಳ್ಳು ಕೊಡಲು ಪಕ್ಕದ ಮನೆಯ ರೆಹಮತ್‌ಬಿ ಅವರಲ್ಲಿಗೆ ಹೋದೆ. ಅವರ ಮನೆಗೆ ಏಳು ಮೆಟ್ಟಿಲು. ನಾಲ್ಕನೆಯದರಲ್ಲಿ ಕುಳಿತೆ. ಬಿಸಿಲು ಕಾಯುವವಳಂತೆ ನಟಿಸಿದೆ. ಅಲ್ಲಿ ನೆರಳಿತ್ತು.

ಫೆಬ್ರವರಿ 6, ಗುರುವಾರ

ಕೆರೆತ. ಪ್ರೂಫು. ಕೆರೆತ.

ಮಾರ್ಚ್ 12, ಬುಧವಾರ

ಮೂರು ತಿಂಗಳ ರಕ್ತಪರೀಕ್ಷೆ. ಆರುನೂರಾ ಐದು.

ಏಳು ಅಂಕ ಇಳಿದಿದೆ. ಮೂರು ತಿಂಗಳಿಗೆ ಏಳರಂತೆ ಇಳಿದರೆ ಇನ್ನೂರು ಮುಟ್ಟಲು ಎಷ್ಟು ವರ್ಷ ಬೇಕು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹದಿನಾಲ್ಕೂವರೆ. ಅರವತ್ತು ದಾಟಿದ ಮೇಲೆ ವಾಸಿಯಾಗುತ್ತೇನೆ. ಇದನ್ನು ಹೇಳಿ ಇವರನ್ನು ನಗಿಸಲು ನೋಡಿದೆ. ಇವರು ನಗಲಿಲ್ಲ. ಕಿಟಕಿಯ ಕಡೆ ತಿರುಗಿ, ಇಳಿಯುವವರೆಗೂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಹತ್ತಿಕಾಳಿನ ವ್ಯಾಪಾರಿ, ನಾಲ್ಕು ಜನರ ಎದುರು ಹೀಗೆ ಕೈ ಹಿಡಿದವರೇ ಅಲ್ಲ.

"ದಿನಾ ತಪ್ಪದ ತಗೊಳ್ಳಿಕತ್ತೀರಿ ಹೌದಲ್ಲ?" ಎಂದು ಡಾಕ್ಟರು ಕೇಳಿದ್ದರು. ಒಂದು ದಿನವೂ ತಪ್ಪಿಲ್ಲ ಎಂದೆ. ಅದು ನಿಜ.

"ಇನ್ನ ಮೂರು ತಿಂಗಳು ನೋಡೋಣ. ಆಮ್ಯಾಲ ಸೂಜಿ."

ಮಾರ್ಚ್ 16, ಭಾನುವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು. ಕೈ ಓಡುತ್ತಿದೆ.

ಒಂಬತ್ತೂಕಾಲು. ಅತ್ತೆ ಪೂಜೆಯಲ್ಲಿ, ಇವರು ಸ್ನಾನದಲ್ಲಿ. ಲೋಟದಲ್ಲಿ ಪುಡಿ ಕಲಸುತ್ತಿದ್ದೆ, ತಟ್ಟೆಯಲ್ಲಿ ರೊಟ್ಟಿ, ರೊಟ್ಟಿಯ ಪಕ್ಕ ಮೂರು ಗುಳಿಗೆ. ಹಿತ್ತಲ ಬಾಗಿಲಿನಿಂದ ರೆಹಮತ್‌ಬಿ ಬಂದರು. ಹೋಳಿ ಹುಣ್ಣಿಮೆಗೆ ಹೋಳಿಗೆ ಕಳಿಸಿದ್ದ ಡಬ್ಬಿ ಅವರ ಕೈಯಲ್ಲಿತ್ತು, ಒಳಗೆ ಖರ್ಜೂರ ತುಂಬಿತ್ತು. ರಮ್ಜಾನ್ ನಡೆದಿದೆ, ಅವರಿಗೆ ಉಪವಾಸ.

"ಇದೇನ್ರಿ ರಜನಿ, ಶರಬತ್ತು?"

"ಔಷಧರಿ."

"ಮತ್ತ ಇವು?"

"ಅವೂ ಔಷಧಾನ."

"ಎರಡೂ ಕೂಡೇ ನುಂಗ್ತೀರೇನು?"

"ಇಲ್ರಿ, ಮೊದಲ ಪುಡಿ, ಆಮ್ಯಾಲ ಗುಳಿಗಿ. ಕ್ರಮ ಐತಿ."

"ನಡುವ ಎಷ್ಟೊತ್ತು ಬಿಡ್ತೀರಿ?"

"ಒಂದ ರೊಟ್ಟಿ ತುತ್ತಿನಷ್ಟು."

ಅವರು ಡಬ್ಬಿ ಕೆಳಗಿಟ್ಟು ಮಣೆ ಎಳೆದುಕೊಂಡು ಕುಳಿತರು. "ನೋಡ್ರಿ, ನಾ ರಮ್ಜಾನ್ ಬರೂಕಿಂತ ಒಂದ ವಾರ ಮೊದಲ ಡಾಕ್ಟರ್ ಕಡೆ ಹೋಗಿ ಕುಂದರತೇನಿ. ಥೈರಾಯ್ಡ್ ಗುಳಿಗಿ ಯಾವಾಗ, ಕ್ಯಾಲ್ಸಿಯಂ ಯಾವಾಗ, ನಡುವ ಎಷ್ಟ ತಾಸು, ಎಲ್ಲಾ ಬರಸ್ಕೊಂಡ ಬರ್ತೇನಿ. ಯಾಕಂದ್ರ ಒಂದ ವರ್ಷ ಕೇಳದ ನಸುಕಿನ್ಯಾಗ ಸಹರಿ ಊಟದೊಳಗ ಎರಡೂ ಕೂಡೇ ನುಂಗಿದೆ. ಥೈರಾಯ್ಡ್ ಕ್ಯಾಲ್ಸಿಯಂ ಕೈ ಹಿಡ್ಕೊಂಡು ಓಡಿ ಹೋತು. ನಾ ಇಲ್ಲೇ ಬಾತುಕೊಂಡು ಕುಂತೆ. ನಿಮ್ಮ ಚೀಟಿ ತೋರಸ್ರಿ."

ತೋರಿಸಿದೆ. ಅವರು ಮೂವತ್ತು ವರ್ಷ ಉರ್ದು ಶಾಲೆಯಲ್ಲಿ ಕಲಿಸಿ ಹೆಡ್‌ಬಾಯಿ ಆಗಿದ್ದವರು. ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು.

"ಇಲ್ಲೆ ಆರು ಅಂತ ಬರದೈತಿ. ಇಲ್ಲೆ ಹತ್ತು ಅಂತ ಬರದೈತಿ. ನೀವು ಎಂ.ಎ. ಹೌದಲ್ಲ?"

ಚೀಟಿಯನ್ನು ಮತ್ತೆ ನೋಡಿದೆ. ಮೂರು ತಿಂಗಳಲ್ಲಿ ಎಂಟು ಸಾವಿರ ಉತ್ತರಗಳನ್ನು ತಿದ್ದಿದ ಕಣ್ಣು. ಎರಡು ಅಂಕಿ, ನಡುವೆ ನಾಲ್ಕು ತಾಸು. ಅದನ್ನು ನಾನು ಡಾಕ್ಟರರ ಶಿಸ್ತು ಎಂದುಕೊಂಡಿದ್ದೆ. ನಗು ಬಂದೇಬಿಟ್ಟಿತು. ನಗುತ್ತಲೇ ಎಲ್ಲ ಹೇಳಿದೆ: ಲಿವರ್, ಪಿತ್ತ, ಆರುನೂರಾ ಐದು, ಸೂಜಿ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೂ ಬಂತು. ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.

"ಲಿವರ್ ಅಂದ್ರ ಕುಡುಕರಿಗೆ ಬರೂದಲ್ಲ?"

ಬಾಗಿಲಲ್ಲಿ ಅತ್ತೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಪೂಜೆಯ ಬಟ್ಟಲು.

"ಅತ್ತೀ, ನೀವು ಪೂಜಿಗೆ..."

"ಪೂಜ್ಯಾಗ ಕಣ್ಣು ಲಿಂಗದ ಮ್ಯಾಲ ಇರ್ತಾವ. ಕಿವಿ ಖಾಲೀನ ಇರ್ತಾವ."

ಕುಡಿಯದವರಿಗೂ ಬರುವ ಲಿವರ್ ಇದು ಎಂದು ವಿವರಿಸಿದೆ. ಅವರು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

"ನಾ ಗಜಕರ್ಣ ಅಂದ್ಕೊಂಡಿದ್ದೆ. ಎಮ್ಮಿ ಹಂಗ ಚೌಕಟ್ಟಿಗೆ ಬೆನ್ನ ತಿಕ್ಕತಿದ್ದಿ. ನಾಚಿ ಹೇಳವಲ್ಲಿ ಅಂತ ಟವಲ್ ಅಷ್ಟ ಬ್ಯಾರೆ ಹಾಕಿದೆ. ಒಂದ ಮಾತ ಹೇಳಬಾರದ?"

"ಹೆಂಗ ಹೇಳ್ಲಿ ಅತ್ತಿ?"

"ಬಾಯಿಲೆ," ಎಂದರು ಅತ್ತೆ.

ರೆಹಮತ್‌ಬಿ ನಡುವೆ ಬಂದರು. "ಆಗಿದ್ದು ಆತು ಬಿಡ್ರಿ ಬಾಳವ್ವಾರ. ನಾಳಿಂದ ಎದ್ದ ಕೂಡ್ಲೆ ಆರಕ್ಕ ಪುಡಿ ಕುಡದ್ರ ಮುಗೀತು."

"ಪೂಜಿ ಆಗದ ಬಾಯಾಗ ನೀರ ಬೀಳೂದಿಲ್ಲ ನಮ್ಮ ಮನ್ಯಾಗ."

ಅತ್ತೆ ಹಾಗೆಂದರೆ ಹಾಗೆಯೇ. ಮಾವನವರ ಕೊನೆಯ ದಿನಗಳಲ್ಲೂ ಆ ನಿಯಮ ಮುರಿದಿರಲಿಲ್ಲ. ಅತ್ತೆ ಗೋಡೆಯ ಗಡಿಯಾರ ನೋಡುತ್ತ ನಿಂತರು. ಬಹಳ ಹೊತ್ತು ನೋಡಿದರು. ಆರರ ಹಿಂದೆ ಯಾವ ಯಾವ ಅಂಕಿಗಳಿವೆ ಎಂದು ಹುಡುಕುತ್ತಿರುವಂತೆ.

"ಐದಕ್ಕ ಪೂಜಿಗೆ ಕುಂತ್ರ ಆರಕ್ಕ ಏಳಬಹುದು. ನಾಕೂವರಿಗೆ ನಾ ನೀರ ಕಾಸ್ತೇನಿ."

"ಹೂವು?" ಎಂದೆ. "ಹೂವಿನಾಕಿ ಎಂಟಕ್ಕ ಬರ್ತಾಳ."

"ಹಿಂದಿನ ದಿನಾ ಸಂಜಿಕೆ ಮೊಗ್ಗು ತಂದು ನೀರಾಗ ಇಡೂಣು. ಐದಕ್ಕ ಅರಳತಾವ."

ಮಾರ್ಚ್ 17, ಸೋಮವಾರ

ಡಾಕ್ಟರರಿಗೆ ಫೋನ್ ಮಾಡಿದೆ. ಪುಡಿ, ಗುಳಿಗೆಯ ನಡುವಿನ ರೊಟ್ಟಿ ತುತ್ತಿನ ಕಥೆ ಹೇಳಿದೆ.

"ರಜನಿಯವರ, ಆ ಪುಡಿ ಅಂದ್ರ ಬಲೆ ಇದ್ದಂಗ. ಹೊಟ್ಟ್ಯಾಗ ಸಿಕ್ಕ ಪಿತ್ತಾನೆಲ್ಲ ಹಿಡಕೊಂಡು ಹೊರಗ ಹಾಕ್ತದ. ನಿಮ್ಮ ಗುಳಿಗಿನೂ ಪಿತ್ತಾನ."

"ಅಂದ್ರ ಕರಡಿ ಬಲೆಯೊಳಗ ಬಿತ್ತು?"

"ದಿನಾ ಬಿತ್ತು. ಪುಡೀನೂ ಅದನ್ನ ಹಿಡಿಯೂದ್ರಾಗ ಖರ್ಚಾತು. ಅದಕ್ಕ ಕೆರೆತಾನೂ ನಿಂದ್ರಲಿಲ್ಲ. ಆರು, ಹತ್ತು ಅಂತ ಬರದೆ, ಯಾಕ ಅಂತ ಹೇಳಲಿಲ್ಲ. ನಂದೂ ತಪ್ಪದ. ಇವತ್ತಿನಿಂದ ಮೂರು ತಿಂಗಳು ಎಣಸ್ರಿ."

ತೊಂಬತ್ತೇಳು ದಿನ. ದಿನಕ್ಕೆ ಮೂರರಂತೆ ಇನ್ನೂರ ತೊಂಬತ್ತೊಂದು ಕರಡಿಗಳನ್ನು ಬಲೆಗೆ ನೂಕಿ ಹಿತ್ತಲ ಬಾಗಿಲಿಂದ ಕಳಿಸಿದ್ದೇನೆ. ಗುಳಿಗೆ ನನಗೆ ಹತ್ತಲಿಲ್ಲ ಎಂದಲ್ಲ, ಅದಿನ್ನೂ ನನ್ನನ್ನು ಭೇಟಿಯೇ ಆಗಿಲ್ಲ. ಸಂಜೆಯೆಲ್ಲ ಇದೇ ಸಂಭ್ರಮ. ಇವರು ಅಂಗಡಿಯಿಂದ ಬಂದ ಕೂಡಲೇ ಹೇಳಿದೆ. ಚಪ್ಪಲಿ ಬಿಡುವುದನ್ನೂ ಮರೆತು ನಿಂತು ನಕ್ಕರು.

ಮಾರ್ಚ್ 19, ಬುಧವಾರ

ಐದಕ್ಕೆ ಮೊಗ್ಗು ಅರಳಿರಲಿಲ್ಲ. ಅತ್ತೆ ಬಾಯಿಂದ ಊದಿದರು. ಆಮೇಲೆ ಎಂಜಲಾಯಿತೆಂದು ತಾವೇ ತೆಗೆದಿಟ್ಟು, ಬರಿ ಪತ್ರಿ ಏರಿಸಿದರು. ಆರಕ್ಕೆ ಸರಿಯಾಗಿ ಪುಡಿ. ಹತ್ತರವರೆಗೆ ಏನು ಮಾಡುವುದು? ಇಬ್ಬರೂ ಅಂಗಳದಲ್ಲಿ ಮುಖ ಮುಖ ನೋಡುತ್ತ ಕುಳಿತೆವು. "ಸ್ಟೇಶನ್ ತನಕ ಹೋಗಿ ಬರೂಣು ನಡಿ" ಎಂದರು ಅತ್ತೆ. ಹೋದೆವು. ಬರುವಾಗ ನಾನು ಮೂರು ಕಡೆ ಕುಳಿತೆ. ಚೌಕಟ್ಟಿನ ಗಂಟು ನೆನಪಾಗಿ ಬೇಗ ಮನೆಗೆ ಬಂದೆ.

ಏಪ್ರಿಲ್ 5, ಶನಿವಾರ

ಅತ್ತೆ ಓಣಿಗೆಲ್ಲ ಹೇಳಿದ್ದಾರೆ. ನಲ್ಲಿಯ ಹತ್ತಿರ ನಿಂತು, ಸೊಸೆಗೆ ನೌಕರಿ ಸಿಕ್ಕಿತೆಂಬ ಧಾಟಿಯಲ್ಲಿ, "ನಮ್ಮ ರಜನಿಗೆ ಲಿವರ್ ಐತಿ. ಕುಡಿಯೂದಲ್ಲ, ಬ್ಯಾರೆ ನಮೂನಿ." ಓಣಿ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದೆ: ಅಮರೇಶಪ್ಪ ಕುಡಿಯುತ್ತಾರೆ, ಆ ಚಿಂತೆ ಹೆಂಡತಿಯ ಲಿವರಿಗೆ ಹತ್ತಿದೆ. ಮೂಲೆಯ ಮನೆಯ ಹಿರಿಯರೊಬ್ಬರು ಇವರನ್ನು ನಿಲ್ಲಿಸಿ, "ಇನ್ನೂ ವಯಸ್ಸೈತಿ, ಬಿಟ್ಟು ಬಿಡಪಾ" ಎಂದರಂತೆ. "ಬಿಡ್ತೇನ್ರಿ" ಎಂದು ಬಂದಿದ್ದಾರೆ ಇವರು. ನಾನು ನಕ್ಕು ನಕ್ಕು ನೆಲದ ಮೇಲೆ ಕುಳಿತೆ.

ಇವತ್ತು ಕಾಲೇಜ್ ಮೈದಾನದವರೆಗೆ ಹೋದೆವು. ಅತ್ತೆ ಈಗೀಗ ಗಿಡಮರಗಳಲ್ಲಿ ಆಸಕ್ತಿ ತೋರಿಸುತ್ತಿದ್ದಾರೆ. ಒಂದು ಬೇವಿನ ಮರವನ್ನು ಐದು ನಿಮಿಷ ನೋಡಿದರು.

ಏಪ್ರಿಲ್ 27, ಭಾನುವಾರ

ಇಷ್ಟೊಂದು ಬೆಳಗು ಎಲ್ಲಿತ್ತು ಇಷ್ಟು ದಿನ? ಆರರಿಂದ ಹತ್ತು. ನನ್ನ ಜೀವನದಲ್ಲಿ ಯಾರೂ ನೋಡದೆ ಮಡಿಚಿಟ್ಟಿದ್ದ ನಾಲ್ಕು ತಾಸು. ಕವಿತೆಯ ಪುಸ್ತಕ ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ಇವತ್ತು ಮೈದಾನದ ಕಟ್ಟೆಯ ಮೇಲೆ ಅತ್ತೆಗೆ ಒಂದು ಓದಿ ಹೇಳಿದೆ.

"ಛಲೋ ಐತಿ," ಎಂದರು. "ಅರ್ಥ ಏನು?"

"ಒಬ್ಬಾಕಿ ಹೊಳಿ ದಂಡಿ ಮ್ಯಾಲ ನಿಂತಾಳ್ರಿ."

"ನಿಂತಾಳ. ಮುಂದ?"

"ಅಷ್ಟ."

"ನಿಂದ್ರಲಿ ಬಿಡು ಪಾಪ. ನಾವೂ ಒಂದ್ಹತ್ತ ನಿಮಿಷ ಕುಂದ್ರೂಣು."

ಆದರೆ ನನಗೆ ಕೂರಲು ಮನಸ್ಸಿಲ್ಲ. ಕೆಲಗೇರಿ ಕೆರೆ ನೋಡಿ ವರ್ಷಗಳಾದವು, ನಾಳೆ ಅಲ್ಲಿಗೆ ಎಂದೆ. ಅತ್ತೆ ಬಸ್ ಇದೆಯೇ ಎಂದು ಕೇಳಿದರು. ಅವರಿಗೆ ಬಸ್ಸಿನ ಚಟ ಯಾವಾಗ ಹತ್ತಿತೋ.

ಮೇ 11, ಭಾನುವಾರ

ಕೆರೆಯ ಆಚೆ ದಂಡೆಯವರೆಗೆ. ಮಿಂಚುಳ್ಳಿ, ಎರಡು. ಬಂದು ಎರಡು ಸೇರು ಹಿಟ್ಟು ನಾದಿ ರೊಟ್ಟಿ ಬಡಿದೆ. ರೆಹಮತ್‌ಬಿ ಅವರಿಗೂ ನಾಲ್ಕು ಕೊಟ್ಟು ಬಂದೆ. ಅವರ ಮನೆಗೆ ಏಳೇ ಮೆಟ್ಟಿಲೇ? ಹೆಚ್ಚಿದ್ದವು ಎಂದುಕೊಂಡಿದ್ದೆ. ಒಳಗೆ ಅತ್ತೆ ಕಾಲು ಚಾಚಿ ಕುಳಿತಿದ್ದರು. ನನ್ನನ್ನು ಕಂಡು ಸೀರೆ ಸರಿಮಾಡಿಕೊಂಡರು. ಈ ಇಬ್ಬರದೂ ಏನೋ ಗುಟ್ಟು ನಡೆದಿದೆ.

ಮೇ 29, ಗುರುವಾರ

ಪ್ರೂಫು ನೂರಾ ಹತ್ತು ಪುಟ, ಒಂದೇ ಪಟ್ಟಿಗೆ ಕುಳಿತು. ಈ ಸಲದ ಪುಸ್ತಕದಲ್ಲಿ ತಪ್ಪು ಉತ್ತರಗಳು ಬಹಳ ಸೊಗಸಾಗಿವೆ.

ಜೂನ್ 14, ಶನಿವಾರ

ರಕ್ತ ಕೊಟ್ಟು ಬಂದೆ. ಸೂಜಿ ತೆಗೆಯುವಾಗ ಲ್ಯಾಬಿನ ಹುಡುಗಿ, "ನಗಬ್ಯಾಡ್ರಿ ಮೇಡಂ, ಕೈ ಅಳ್ಳಾಡ್ತೈತಿ" ಎಂದಳು.

ಜೂನ್ 16, ಸೋಮವಾರ

ನೂರಾ ಎಂಬತ್ತೆಂಟು.

ನಾಲ್ಕು ಗಂಟೆಗೆ ಫೋನಿನಲ್ಲಿ ಬಂತು. ಮೊದಲು ಅಂಕಿಗಳನ್ನು ಹಿಂದಿನಿಂದ ಓದಿದೆ, ಪ್ರೂಫಿನಲ್ಲಿ ಮಾಡುವಂತೆ. ಎಂಟು, ಎಂಟು, ಒಂದು. ಮುಂದಿನಿಂದಲೂ ಅಷ್ಟೇ. ಡಾಕ್ಟರರಿಗೆ ಕಳಿಸಿದೆ. ಅವರ ಉತ್ತರ: 'ಹತ್ತೇದ. ಸೂಜಿ ಬ್ಯಾಡ. ಗುಳಿಗಿ ಜೀವಮಾನ ಪೂರ್ತಿ.' ಜೀವಮಾನ, ಪೂರ್ತಿ. ಎರಡು ಶಬ್ದ ಅಕ್ಕಪಕ್ಕ ಎಷ್ಟು ಚೆನ್ನಾಗಿ ಕೂತಿವೆ.

ಇವರಿಗೆ ಫೋನ್ ಮಾಡಿದೆ. ಅಂಗಡಿಯ ಗದ್ದಲದಲ್ಲಿ ಎರಡು ಸಲ ಕೇಳಿಸಿಕೊಂಡರು. ಕೊನೆಗೆ, "ಈಗ ಹೊರಟೆ" ಎಂದರು.

ಅತ್ತೆಗೆ ಹೇಳಿದೆ. "ಆರುನೂರ ಇದ್ದದ್ದು ನೂರಾ ಎಂಬತ್ತೆಂಟಾತೇನು? ಇಷ್ಟ ಕಮ್ಮಿ ಮಾರ್ಕ್ಸ್ ಬಂದ್ರ ಹೆಂಗ?" ಎಂದು ಗಾಬರಿಯಾದರು. ಇದರಲ್ಲಿ ಕಮ್ಮಿ ಬಂದವರೇ ಪಾಸು ಎಂದು ತಿಳಿಸುವಷ್ಟರಲ್ಲಿ ಸಾಕಾಯಿತು. ತಿಳಿದ ಮೇಲೆ ನನ್ನ ಗಲ್ಲ ಹಿಡಿದು, ಪೂಜೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾಳೆ ಕೆರೆಗೆ ಎರಡು ಸುತ್ತು ಹಾಕೋಣ ಎಂದು ಹೊರಗಿನಿಂದಲೇ ಕೂಗಿ ಹೇಳಿದೆ. ಒಳಗಿನಿಂದ ಉತ್ತರ ಬರಲಿಲ್ಲ.

ಆಗಲೇ ಮುಂಬಾಗಿಲಲ್ಲಿ ರೆಹಮತ್‌ಬಿ. ಜಿಟಿಜಿಟಿ ಮಳೆಯಲ್ಲಿ ಸೆರಗು ತಲೆಗೆ ಹೊದ್ದು ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಪೂಜೆಯ ಕೋಣೆಯ ಕಡೆ ಒಮ್ಮೆ ನೋಡಿ, ನನ್ನ ಕೈ ಹಿಡಿದು ಹೊಸ್ತಿಲಿನಿಂದ ಆಚೆ ಎಳೆದುಕೊಂಡು, ದನಿ ತಗ್ಗಿಸಿದರು.

"ನಂಬರ್ ಇಳದೈತಂತ, ಗ್ವಾಡಿ ಆಚೆ ಎಲ್ಲಾ ಕೇಳಿಸ್ತು. ಭಾಳ ಖುಷಿ ಆತ್ರಿ. ಆದ್ರ ಒಂದ ಮಾತು, ನಾ ಹೇಳೇನಿ ಅಂತ ಬಾಳವ್ವಾರ ಮುಂದ ಅನಬ್ಯಾಡ್ರಿ. ನೀವು ಭಾಳ ಜೋರ ನಡೀತೀರಂತ. ಎಪ್ಪತ್ತೊಂದ ವರ್ಷದಾಕಿ, ನಿಮ್ಮ ಹಿಂದ ಓಡಿ ಓಡಿ, ಎರಡು ತಿಂಗಳಿಂದ ದಿನಾ ನಮ್ಮನ್ಯಾಗ ಬಂದು ಮೊಣಕಾಲಿಗೆ ಎಣ್ಣಿ ತಿಕ್ಕಿಸ್ಕೊಂಡು ಹೋಗ್ತಾರ. ನಾಳಿಂದ ಒಂಚೂರ ಸಾವಕಾಶ ನಡೀರಿ."